ಎಂಟು ಮೂಲೆಯ ನಕ್ಷತ್ರ: ದುಬೈ, ಅಬುಧಾಬಿಯ ಟೈಲ್ಸ್ ಗೋಡೆಗಳ ಹಿಂದಿನ ಲೆಕ್ಕ

ದುಬೈ: ಮೆಟ್ರೋ ರೆಡ್ ಲೈನ್‌ನಲ್ಲಿ ಇಬ್ನ್ ಬತೂತಾ ಸ್ಟೇಷನ್‌ಗೆ ಇಳಿದು ಪಕ್ಕದ ಮಾಲ್‌ಗೆ ಹೋಗುವ ಅನಿವಾಸಿ ಕನ್ನಡಿಗರು ಕಡಿಮೆಯೇನಲ್ಲ. ರಜೆಯ ದಿನ ಎಸಿಯಲ್ಲಿ ಒಂದು ಸುತ್ತು, ಮಕ್ಕಳಿದ್ದರೆ ಒಂದಿಷ್ಟು ಫೋಟೊ, ಆಮೇಲೆ ಹೈಪರ್ ಮಾರ್ಕೆಟ್. 2005ರಲ್ಲಿ ತೆರೆದ ಈ ಮಾಲ್‌ನಲ್ಲಿ ಚೀನಾ, ಇಂಡಿಯಾ, ಪರ್ಷಿಯಾ, ಈಜಿಪ್ಟ್, ಟುನೀಷಿಯಾ, ಆಂಡಲೂಸಿಯಾ ಎಂದು ಆರು ಅಂಗಳಗಳಿವೆ. ಇಂಡಿಯಾ ಕೋರ್ಟ್‌ನ ಆನೆಯ ಮುಂದೆ ಫೋಟೊ ತೆಗೆಸಿಕೊಂಡವರು ಬೇಕಾದಷ್ಟು ಜನ. ಆಂಡಲೂಸಿಯಾ ಕೋರ್ಟ್‌ನ ಸಿಂಹಗಳ ಕಾರಂಜಿ ನೋಡಿದವರೂ ಇದ್ದಾರೆ. ಆದರೆ ಅಲ್ಲಿನ ಅಲಂಕಾರದಲ್ಲಿ ಮತ್ತೆ ಮತ್ತೆ ಬರುವ ನಕ್ಷತ್ರಗಳ ವಿನ್ಯಾಸ ಎಲ್ಲಿಂದ ಬಂತು, ಅದನ್ನು ಹೇಗೆ ಎಳೆಯುತ್ತಾರೆ ಎಂದು ನಿಂತು ನೋಡುವವರು ಕಡಿಮೆ. ಹಾಗೆ ನಿಂತು ನೋಡುವವರಲ್ಲಿ ಹೆಚ್ಚಿನವರು ಟೈಲ್ಸ್ ಕೆಲಸ ಮಾಡುವವರೇ ಆಗಿರುತ್ತಾರೆ. ಅವರ ಕಣ್ಣು ಮೊದಲು ಹೋಗುವುದು ಜಾಯಿಂಟ್ ಕಡೆಗೆ.

ಮಾಲ್‌ಗೆ ಹೆಸರು ಕೊಟ್ಟ ಇಬ್ನ್ ಬತೂತಾ ನಮ್ಮ ಕರಾವಳಿಗೆ ಅಪರಿಚಿತನಲ್ಲ. 1304ರಲ್ಲಿ ಮೊರಾಕೊದ ಟಾಂಜಿಯರ್‌ನಲ್ಲಿ ಹುಟ್ಟಿದ ಈ ಪ್ರವಾಸಿ 1340ರ ದಶಕದ ಆರಂಭದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರು ದಾರಿಯಾಗಿ ಕೇರಳದ ಕಡೆ ಹೋದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಶಾಲೆ, ಗಂಡುಮಕ್ಕಳ 23 ಶಾಲೆ ಕಂಡೆ ಎಂದು ಅವನ ಪ್ರವಾಸ ಕಥನದಲ್ಲಿದೆ. ಅದಾಗಿ ಹತ್ತು ವರ್ಷದೊಳಗೆ, 1350ರ ಸುಮಾರಿಗೆ, ಅವನು ಸ್ಪೇನಿನ ಗ್ರಾನಡಾ ನಗರದಲ್ಲಿದ್ದ. ಅಲ್ಲಿನ ಗುಡ್ಡದ ಮೇಲೆ ಅಲ್‌ಹಂಬ್ರಾ ಅರಮನೆಗಳ ಕೆಲಸ ಆಗ ಇನ್ನೂ ನಡೆಯುತ್ತಿತ್ತು. ಮಂಗಳೂರನ್ನೂ ಗ್ರಾನಡಾವನ್ನೂ ನೋಡಿದ ಮನುಷ್ಯನ ಹೆಸರಿನ ಮಾಲ್‌ನಲ್ಲಿ ಮಂಗಳೂರಿನವರು ಗ್ರಾನಡಾದ ನಕಲು ನೋಡುತ್ತಿದ್ದಾರೆ ಎಂದರೆ ತಪ್ಪಾಗದು.

ಅಲ್‌ಹಂಬ್ರಾ ಶೈಲಿಯನ್ನು ಟೈಲ್ಸ್ ಅಂಗಡಿಯವರು ‘ಮೂರಿಷ್’ ಅಥವಾ ‘ಮೊರಾಕನ್’ ಅಂತ ಕರೆಯುತ್ತಾರೆ. ಮೂರ್ ಎನ್ನುವುದು ಯುರೋಪಿನವರು ಇಟ್ಟ ಹೆಸರು. ಉತ್ತರ ಆಫ್ರಿಕಾದಿಂದ 711ರಲ್ಲಿ ಸ್ಪೇನಿಗೆ ದಾಟಿ, ಒಂದಲ್ಲ ಒಂದು ಭಾಗದಲ್ಲಿ 1492ರವರೆಗೆ ಆಳಿದ ಮುಸ್ಲಿಮರನ್ನು ಅವರು ಹಾಗೆ ಕರೆದರು. ಪೋರ್ಚುಗೀಸರು ಭಾರತಕ್ಕೆ ಬಂದಾಗ ಇದೇ ಪದವನ್ನು ಮಲಬಾರ್, ಕೆನರಾ ಕರಾವಳಿಯ ಮುಸ್ಲಿಂ ವ್ಯಾಪಾರಿಗಳಿಗೂ ಅಂಟಿಸಿದರು. ಟೈಲಿಗೆ ಪೋರ್ಚುಗೀಸ್, ಸ್ಪ್ಯಾನಿಷ್ ಭಾಷೆಗಳಲ್ಲಿ ಇರುವ ‘ಅಝುಲೇಜೊ’ ಎಂಬ ಪದವೂ ಅರಬ್ಬಿಯ ‘ಅಲ್ ಝುಲೈಜ್’ನಿಂದ ಬಂದದ್ದು. ನಯ ಮಾಡಿದ ಸಣ್ಣ ಕಲ್ಲು ಎಂದು ಅದರ ಅರ್ಥ. ಮೊರಾಕೊದಲ್ಲಿ ಈಗಲೂ ಈ ಕೆಲಸಕ್ಕೆ ‘ಝೆಲ್ಲೀಜ್’ ಎಂದೇ ಹೆಸರು. ಗೋವಾದ ಪಣಜಿಯಲ್ಲಿ ಮನೆಗಳ ಹೆಸರು, ರಸ್ತೆಗಳ ಹೆಸರು ಬರೆದ ನೀಲಿ ಬಿಳಿ ಟೈಲ್ಸ್ ನೋಡಿದವರಿಗೆ ಅದೇ ಪದದ ಇನ್ನೊಂದು ಮರಿ ಗೊತ್ತಿರುತ್ತದೆ.

ಈಗ ವಿನ್ಯಾಸದ ವಿಷಯ. ಇದು ಗಣಿತ, ದೊಡ್ಡ ಆರ್ಕಿಟೆಕ್ಟ್‌ಗಳ ಕೆಲಸ ಎಂದು ಹೆದರಬೇಕಾಗಿಲ್ಲ. ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವ ಅಮ್ಮಂದಿರಿಗೆ ಅರ್ಧ ಪಾಠ ಆಗಲೇ ಗೊತ್ತು. ಮೊದಲು ಚುಕ್ಕಿ, ಆಮೇಲೆ ಗೆರೆ, ಕೊನೆಗೆ ಚುಕ್ಕಿಗಳು ಕಣ್ಣಿಗೆ ಕಾಣದೆ ಹೂವು ಮಾತ್ರ ಉಳಿಯುತ್ತದೆ. ಝೆಲ್ಲೀಜ್‌ನಲ್ಲೂ ಹಾಗೆಯೇ. ಕೈವಾರ ಮತ್ತು ನೇರ ಪಟ್ಟಿ ಎರಡೇ ಸಾಧನ. ಎಳೆದ ವೃತ್ತಗಳೆಲ್ಲ ಕೊನೆಯಲ್ಲಿ ಅಳಿಸಿಹೋಗುತ್ತವೆ. ಗೋಡೆಯ ಮೇಲೆ ಉಳಿಯುವುದು ನಕ್ಷತ್ರ.

ಅತಿ ಸರಳವಾದದ್ದು ಎಂಟು ಮೂಲೆಯ ನಕ್ಷತ್ರ. ಒಂದು ಚೌಕ ಬರೆಯಿರಿ. ಅದೇ ಅಳತೆಯ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ, ನಡು ಒಂದೇ ಇರುವಂತೆ ಅದರ ಮೇಲಿಡಿ. ಅಷ್ಟೇ, ನಕ್ಷತ್ರ ಸಿದ್ಧ. ಇಂಥ ನಕ್ಷತ್ರಗಳನ್ನು ಸಾಲಾಗಿ, ತುದಿಗೆ ತುದಿ ತಾಗುವಂತೆ ಜೋಡಿಸಿದರೆ ನಾಲ್ಕು ನಕ್ಷತ್ರಗಳ ನಡುವೆ ಒಂದು ಖಾಲಿ ಜಾಗ ಉಳಿಯುತ್ತದೆ. ಆ ಜಾಗ ತಾನಾಗಿಯೇ ಮೊನಚು ತುದಿಯ ಕೂಡಿಸುವ ಚಿಹ್ನೆಯ ಆಕಾರ ಪಡೆಯುತ್ತದೆ. ಯಾರೂ ಅದನ್ನು ಬಿಡಿಸಿಲ್ಲ, ನಕ್ಷತ್ರ ಬಿಟ್ಟ ಜಾಗವೇ ಅದು. ನಕ್ಷತ್ರಕ್ಕೆ ಒಂದು ಬಣ್ಣ, ಖಾಲಿ ಜಾಗಕ್ಕೆ ಇನ್ನೊಂದು ಬಣ್ಣ ಕೊಟ್ಟರೆ ಎರಡು ಆಕಾರದಲ್ಲಿ ಇಡೀ ಗೋಡೆ ತುಂಬುತ್ತದೆ.

ಇದು ಒಂದಿಷ್ಟೂ ಸಂದಿಯಿಲ್ಲದೆ ಕೂಡಲು ಕಾರಣ ಕೋನಗಳ ಲೆಕ್ಕ. ಯಾವುದೇ ಬಿಂದುವಿನ ಸುತ್ತ ಒಟ್ಟು 360 ಡಿಗ್ರಿ ಇರಬೇಕು. ನಕ್ಷತ್ರದ ಪ್ರತಿ ತುದಿ 90 ಡಿಗ್ರಿ. ಎರಡು ನಕ್ಷತ್ರಗಳ ತುದಿ ಮುಟ್ಟುವಲ್ಲಿ 90 ಮತ್ತು 90 ಸೇರಿ 180 ಆಯಿತು. ಉಳಿದ 180ರಲ್ಲಿ ಎರಡೂ ಬದಿಯ ಕೂಡಿಸುವ ಚಿಹ್ನೆಗಳ ತುದಿಗೆ 90, 90. ಲೆಕ್ಕ ಸರಿಹೋಯಿತು. ಇದೇ ಕೆಲಸವನ್ನು ಬರೀ ಸಮ ಪಂಚಭುಜಗಳಿಂದ ಮಾಡಲು ಹೋದರೆ ಆಗುವುದಿಲ್ಲ. ಅದರ ಕೋನ 108 ಡಿಗ್ರಿ. ಮೂರಿಟ್ಟರೆ 324, ನಾಲ್ಕಿಟ್ಟರೆ 432. ಮೂರಿಟ್ಟಾಗ ಸಂದಿ ಬೀಳುತ್ತದೆ, ನಾಲ್ಕನೆಯದು ಹಿಡಿಸುವುದೇ ಇಲ್ಲ. ಹತ್ತು ಮೂಲೆಯ ನಕ್ಷತ್ರ ಬೇಕೆಂದಾಗ ಹಳೆಯ ಕುಶಲಕರ್ಮಿಗಳು ಸಂದಿ ತುಂಬಲು ಬೇರೆ ಬೇರೆ ಆಕಾರದ ತುಂಡುಗಳನ್ನು ಕಂಡುಕೊಂಡರು. ಇರಾನಿನ ಇಸ್ಫಹಾನ್‌ನಲ್ಲಿ 1453ರ ಒಂದು ದರ್ಗಾದ ಗೋಡೆಯಲ್ಲಿ, ಗಣಿತಜ್ಞರು 1970ರ ದಶಕದಲ್ಲಿ ಕಂಡುಕೊಂಡ ಬಗೆಯ ಜೋಡಣೆಗೆ ಬಹಳ ಹತ್ತಿರದ ವಿನ್ಯಾಸ ಇದೆ ಎಂದು ಪೀಟರ್ ಲು ಮತ್ತು ಪಾಲ್ ಸ್ಟೈನ್‌ಹಾರ್ಟ್ ಎಂಬ ವಿಜ್ಞಾನಿಗಳು 2007ರಲ್ಲಿ ತೋರಿಸಿದರು.

ಸೈಟಿನಲ್ಲಿ ಕೈವಾರ ಇಲ್ಲದಿದ್ದರೂ ನೂಲು, ಮೊಳೆ ಸಾಕು. ಚೌಕದ ಎರಡು ಕರ್ಣ ಎಳೆದು ನಡು ಗುರುತಿಸಬೇಕು. ಒಂದು ಮೂಲೆಗೆ ಮೊಳೆ ಇಟ್ಟು, ಅಲ್ಲಿಂದ ನಡುವಿನವರೆಗಿನ ಉದ್ದದ ನೂಲು ಹಿಡಿದು ತಿರುಗಿಸಿದರೆ ಎರಡು ಬದಿಗಳ ಮೇಲೆ ಎರಡು ಗುರುತು ಬೀಳುತ್ತವೆ. ನಾಲ್ಕೂ ಮೂಲೆಯಿಂದ ಹೀಗೆ ಮಾಡಿದರೆ ಎಂಟು ಗುರುತು. ಅವನ್ನು ಸೇರಿಸಿದರೆ ಸಮ ಅಷ್ಟಭುಜ ಬರುತ್ತದೆ. ಮೂಲೆ ಮಟ್ಟಕ್ಕೆ 3, 4, 5 ಅಡಿಯ ಲೆಕ್ಕ ಹಿಡಿಯುವ ಗಾರೆ ಮೇಸ್ತ್ರಿಗಳಿಗೆ ಇದು ಐದು ನಿಮಿಷದ ಕೆಲಸ.

ತಿರುಗಿಸಿದ ಚೌಕ ನಮ್ಮ ನಾಡಿಗೂ ಹೊಸದಲ್ಲ. ಹೊಯ್ಸಳ ದೇವಾಲಯಗಳ ನಕ್ಷತ್ರಾಕಾರದ ಜಗಲಿ ಇದೇ ಉಪಾಯದ್ದು: ಒಂದೇ ನಡುವಿನ ಸುತ್ತ ಚೌಕವನ್ನು ತಿರುಗಿಸುತ್ತಾ ಹೋಗುವುದು. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ಗುಡಿಯ ತಳಕ್ಕೆ 24 ಮೂಲೆಗಳಿವೆ. ವಿಜಯಪುರದ ಗೋಳಗುಮ್ಮಟದೊಳಗೆ ನಿಂತು ತಲೆ ಎತ್ತಿದರೆ, ಗುಮ್ಮಟವನ್ನು ಹೊತ್ತ ಕಮಾನುಗಳು ಒಂದನ್ನೊಂದು ಕತ್ತರಿಸಿ ಎರಡು ಚೌಕಗಳ ಎಂಟು ಮೂಲೆಯ ನಕ್ಷತ್ರ ಮಾಡಿರುವುದು ಕಾಣುತ್ತದೆ. ಅವರು ಸ್ಪೇನಿನಿಂದ ಕಲಿತರು ಎಂದಲ್ಲ. ಚೌಕ ಎಲ್ಲರ ಕೈಯಲ್ಲೂ ಒಂದೇ ರೀತಿ ತಿರುಗುತ್ತದೆ.

ಜೀವಿಗಳ ಚಿತ್ರ ಬೇಡ ಎನ್ನುವ ಕಾರಣಕ್ಕೇ ಈ ಜ್ಯಾಮಿತಿ ಹುಟ್ಟಿತು ಎಂದು ಹೇಳುವುದು ರೂಢಿ. ಪ್ರಾರ್ಥನಾ ಸ್ಥಳಗಳ ಮಟ್ಟಿಗೆ ಅದು ಸರಿ. ಆದರೆ ಅಲ್‌ಹಂಬ್ರಾ ಅರಮನೆಯ ಅಂಗಳದಲ್ಲಿ 12 ಕಲ್ಲಿನ ಸಿಂಹಗಳೇ ನಿಂತಿವೆ. ರೋಮನ್, ಬೈಜಾಂಟೈನ್ ಕಾಲದ ನೆಲದ ಮೊಸಾಯಿಕ್‌ಗಳಲ್ಲೂ ಇಂಥ ಜೋಡಣೆ ಇತ್ತು. ಹಳೆಯದನ್ನು ತೆಗೆದುಕೊಂಡು ಇವರು ಬಹಳ ದೂರ ಬೆಳೆಸಿದರು ಎನ್ನುವುದೇ ಹೆಚ್ಚು ನ್ಯಾಯ. ಡಚ್ ಕಲಾವಿದ ಎಂ.ಸಿ. ಎಷರ್ 1922ರಲ್ಲಿ ಒಮ್ಮೆ, 1936ರಲ್ಲಿ ಮತ್ತೊಮ್ಮೆ ಅಲ್‌ಹಂಬ್ರಾಕ್ಕೆ ಹೋಗಿ ಈ ಟೈಲ್ಸ್‌ಗಳನ್ನು ನಕಲು ಮಾಡಿಕೊಂಡ. ಹಕ್ಕಿ, ಮೀನು ಒಂದಕ್ಕೊಂದು ಸಂದಿಯಿಲ್ಲದೆ ಸೇರುವ ಅವನ ಪ್ರಸಿದ್ಧ ಚಿತ್ರಗಳ ಮೂಲ ಅದು.

ನಿಜವಾದ ಝೆಲ್ಲೀಜ್ ಹೇಗೆ ತಯಾರಾಗುತ್ತದೆ ಎಂದು ಗೊತ್ತಾದರೆ ಅದರ ಬೆಲೆ ಏಕೆ ಅಷ್ಟು ಎಂಬುದೂ ಗೊತ್ತಾಗುತ್ತದೆ. ಮೊರಾಕೊದ ಫೆಸ್ ನಗರ ಇದರ ತವರು. ಜೇಡಿಮಣ್ಣನ್ನು ನೆನೆಸಿ, ತುಳಿದು ಹದ ಮಾಡಿ, ಸುಮಾರು 10 ಸೆಂ.ಮೀ. ಚೌಕದ ಬಿಲ್ಲೆ ಮಾಡಿ ಬಿಸಿಲಿಗೆ ಒಣಗಿಸುತ್ತಾರೆ. ಒಮ್ಮೆ ಸುಟ್ಟು, ಹೊಳಪಿನ ಲೇಪ ಹಾಕಿ ಮತ್ತೊಮ್ಮೆ ಸುಡುತ್ತಾರೆ. ಎಣ್ಣೆ ತೆಗೆದ ಆಲಿವ್ ಹಿಂಡಿಯೇ ಅಲ್ಲಿ ಗೂಡಿಗೆ ಉರುವಲು. ಬಣ್ಣಗಳು ಲೋಹದಿಂದ ಬರುತ್ತವೆ: ಕೋಬಾಲ್ಟ್ ನೀಲಿ ಕೊಡುತ್ತದೆ, ತಾಮ್ರ ಹಸಿರು, ಕಬ್ಬಿಣ ಜೇನಿನ ಹಳದಿ, ಮ್ಯಾಂಗನೀಸ್ ಕಪ್ಪಿಗೆ ತಿರುಗುವ ನೇರಳೆ, ತವರ ಬಿಳಿ. ಬಿಲ್ಲೆಯ ಮೇಲೆ ಆಕಾರ ಗುರುತು ಹಾಕಿ, ನೆಲದ ಮೇಲೆ ಕುಳಿತ ಕೆಲಸಗಾರ ಭಾರದ ಚೂಪು ಸುತ್ತಿಗೆಯಿಂದ ಒಂದೊಂದೇ ತುಂಡು ಕಡಿಯುತ್ತಾನೆ. ತುಂಡಿನ ಹಿಂಬದಿ ಒಳಕ್ಕೆ ಸ್ವಲ್ಪ ಓರೆಯಾಗಿರಬೇಕು, ಆಗಲೇ ಮುಂಬದಿಯ ಅಂಚುಗಳು ಒಂದಕ್ಕೊಂದು ಮುತ್ತಿಕ್ಕಿ ಕೂರುತ್ತವೆ.

ಜೋಡಿಸುವುದು ಇನ್ನೂ ಕಷ್ಟ. ತುಂಡುಗಳನ್ನು ಮುಖ ಕೆಳಗೆ ಮಾಡಿ ನೆಲದ ಮೇಲೆ ಜೋಡಿಸುತ್ತಾರೆ. ಜೋಡಿಸುವವನಿಗೆ ಬಣ್ಣ ಕಾಣುವುದಿಲ್ಲ, ಕಾಣುವುದು ಮಣ್ಣಿನ ಬೆನ್ನು ಮಾತ್ರ. ವಿನ್ಯಾಸ ಪೂರ್ತಿ ತಲೆಯಲ್ಲಿರಬೇಕು. ಹಿಂದೆ ಗಾರೆ ಸುರಿದು, ಗಟ್ಟಿಯಾದ ಮೇಲೆ ಹಲಗೆಯಂತೆ ಎತ್ತಿ ಗೋಡೆಗೆ ನಿಲ್ಲಿಸುತ್ತಾರೆ. ಈ ಕೆಲಸದ ಗುರುವಿಗೆ ಅಲ್ಲಿ ‘ಮಅಲ್ಲೆಮ್’ ಎಂದು ಹೆಸರು. ನಮ್ಮ ಕರಾವಳಿಯ ಮದ್ರಸಗಳಲ್ಲಿ ಉಸ್ತಾದರನ್ನು ‘ಮುಅಲ್ಲಿಂ’ ಎನ್ನುತ್ತಾರಲ್ಲ, ಅದೇ ಪದ.

ಯುಎಇಯಲ್ಲಿ ನೋಡುವ ಎಲ್ಲ ಬಣ್ಣದ ಟೈಲ್ಸ್ ಗೋಡೆಗಳೂ ಮೂರಿಷ್ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಹಳೆಯ ದುಬೈ ಮನೆಗಳಿಗೆ ಟೈಲ್ಸ್ ಅಲಂಕಾರವೇ ಇರಲಿಲ್ಲ. ಅಲ್ ಫಹೀದಿಯ ಗಾಳಿಗೋಪುರದ ಮನೆಗಳಲ್ಲಿ ಕಾಣುವುದು ಹವಳದ ಕಲ್ಲು ಮತ್ತು ಕೊರೆದ ಜಿಪ್ಸಂ ಜಾಲರಿ. ಟೈಲ್ಸ್ ಬಂದದ್ದು ಹೊರಗಿನಿಂದ. ಸತ್ವಾದ ಅಲ್ ವಸ್ಲ್ ರಸ್ತೆಯಲ್ಲಿ ಇರಾನಿಯನ್ ಆಸ್ಪತ್ರೆಯ ಎದುರಿನ ಮಸೀದಿ ಪರ್ಷಿಯನ್ ಬಗೆಯದು. ಅದರ ಗೋಡೆ, ಗುಮ್ಮಟದ ತುಂಬ ಹಬ್ಬಿರುವುದು ಹೂಬಳ್ಳಿ ಮತ್ತು ಬರಹ; ನೀಲಿ, ಹಸಿರುನೀಲಿ ಹೆಚ್ಚು. ಅಬುಧಾಬಿಯ ಶೇಖ್ ಝಾಯೆದ್ ಗ್ರ್ಯಾಂಡ್ ಮಸೀದಿಯಲ್ಲಿ ಟರ್ಕಿಯ ಇಝ್ನಿಕ್ ಮಾದರಿಯ, ಕೈಯಲ್ಲಿ ಮಾಡಿದ ಟೈಲ್ಸ್ ಇವೆ. ಅಲ್ಲಿನ ಪ್ರಸಿದ್ಧ ಹೂವಿನ ಅಂಗಳ ಟೈಲ್ಸ್ ಅಲ್ಲ, ಅಮೃತಶಿಲೆಯ ಮೊಸಾಯಿಕ್. ಆದರೆ ಆ ಮಸೀದಿಯ 82 ಗುಮ್ಮಟಗಳ ವಿನ್ಯಾಸಕ್ಕೆ ಮೊರಾಕೊದ ನಂಟಿದೆ. ಗುರುತು ಹಿಡಿಯಲು ಒಂದು ಸುಲಭ ದಾರಿ: ಬಳ್ಳಿ, ಹೂವು ಬಿಡಿಸಿದ್ದರೆ ಪರ್ಷಿಯಾ ಅಥವಾ ಟರ್ಕಿ ಕಡೆ ಯೋಚಿಸಬಹುದು, ನೆಲದಿಂದ ಎದೆಯ ಎತ್ತರದವರೆಗೆ ನಕ್ಷತ್ರ, ಪಟ್ಟಿ, ಗಂಟುಗಳ ಜೋಡಣೆ, ಅದರ ಮೇಲೆ ಕೊರೆದ ಗಾರೆ ಇದ್ದರೆ ಮೊರಾಕೊ, ಸ್ಪೇನ್ ಕಡೆ. ಇದು ಕಟ್ಟಳೆಯಲ್ಲ, ಅಂದಾಜು.

ಸಾದಿಯಾತ್ ದ್ವೀಪದ ಲೂವ್ರ್ ಅಬುಧಾಬಿಯಲ್ಲಿ ಟೈಲ್ಸ್ ಇಲ್ಲದೆಯೇ ಈ ಲೆಕ್ಕ ಆಕಾಶಕ್ಕೆ ಏರಿದೆ. 2017ರಲ್ಲಿ ತೆರೆದ ಈ ಮ್ಯೂಸಿಯಂಗೆ ಜಾನ್ ನುವೆಲ್ ರಚಿಸಿದ ಗುಮ್ಮಟದ ಅಗಲ 180 ಮೀಟರ್. ಬೇರೆ ಬೇರೆ ಅಳತೆಯ 7,850 ಲೋಹದ ನಕ್ಷತ್ರಗಳು ಎಂಟು ಪದರಗಳಲ್ಲಿವೆ. ಒಂದು ಪದರದ ತೂತಿನಲ್ಲಿ ಇಳಿದ ಬಿಸಿಲು ಇನ್ನೊಂದರಲ್ಲಿ ತಡೆಯಲ್ಪಟ್ಟು, ನೆಲಕ್ಕೆ ಬೀಳುವಾಗ ತೆಂಗಿನ ಗರಿ ಚಪ್ಪರದ ಕೆಳಗಿನ ಬೆಳಕಿನ ಹಾಗೆ ಚೂರುಚೂರಾಗಿರುತ್ತದೆ.

ಇಂದು ವಿಲ್ಲಾ, ಹೋಟೆಲ್, ಕೆಫೆಗಳಲ್ಲಿ ಅಂಟಿಸುವ ‘ಮೊರಾಕನ್’ ಟೈಲ್ಸ್‌ನಲ್ಲಿ ಹೆಚ್ಚಿನದು ಕಾರ್ಖಾನೆಯಲ್ಲಿ ಇಂಕ್‌ಜೆಟ್ ಯಂತ್ರದಿಂದ ಮುದ್ರಿಸಿದ್ದು. ಸ್ಪೇನ್, ಚೀನಾ, ಗುಜರಾತಿನ ಮೋರ್ಬಿಯಿಂದ ಬರುತ್ತದೆ. 1989ರಲ್ಲಿ ಶುರುವಾದ ರಾಸ್ ಅಲ್ ಖೈಮಾದ ರಾಕ್ ಸೆರಾಮಿಕ್ಸ್‌ನಂಥ ಇಲ್ಲಿಯದೇ ಕಾರ್ಖಾನೆಗಳೂ ಇವೆ. ಸುತ್ತಿಗೆ ಕೆಲಸ ತಪ್ಪಿತು ನಿಜ. ಆದರೆ ಗೋಡೆಗೆ ಕೂರಿಸುವವನ ತಲೆಬಿಸಿ ತಪ್ಪಲಿಲ್ಲ. ಬಿಳಿ ಟೈಲ್ ಎಲ್ಲಿಂದ ಶುರು ಮಾಡಿದರೂ ನಡೆದೀತು, ನಕ್ಷತ್ರಕ್ಕೆ ಹಾಗಿಲ್ಲ.

ಎಷ್ಟೋ ಮಾದರಿಗಳಲ್ಲಿ ಒಂದು ಟೈಲ್‌ನಲ್ಲಿ ಕಾಲು ನಕ್ಷತ್ರ ಮಾತ್ರ ಇರುತ್ತದೆ. ನಾಲ್ಕು ಸೇರಿದರೆ ಒಂದು ಪೂರ್ತಿ. 20 ಸೆಂ.ಮೀ. ಟೈಲ್ ಆದರೆ ಒಂದು ನಕ್ಷತ್ರಕ್ಕೆ 40 ಸೆಂ.ಮೀ. 3 ಮೀಟರ್ ಗೋಡೆಗೆ ಎಡ ಮೂಲೆಯಿಂದ ಶುರು ಮಾಡಿದರೆ, ಜಾಯಿಂಟ್ ಲೆಕ್ಕ ಬಿಟ್ಟು, ಏಳು ನಕ್ಷತ್ರ ಕೂತು ಬಲ ತುದಿಯಲ್ಲಿ ಅರ್ಧ ನಕ್ಷತ್ರ ಉಳಿಯುತ್ತದೆ. ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಹೊಡೆಯುವುದು ಅದೇ. ಗೋಡೆಯ ನಡು ಗೆರೆ ಹಾಕಿ, ಅದರ ಮೇಲೆ ನಕ್ಷತ್ರದ ನಡು ಇಟ್ಟರೆ ಎರಡೂ ತುದಿಯಲ್ಲಿ ಕಾಲು ಕಾಲು ಭಾಗದ ಚೂರು ಬರುತ್ತದೆ. ಅದರ ಬದಲು ಎರಡು ನಕ್ಷತ್ರ ಸೇರುವ ಜಾಗವನ್ನು ನಡು ಗೆರೆಗೆ ತಂದರೆ ಪ್ರತಿ ಬದಿಗೆ ಮೂರು ಪೂರ್ತಿ ನಕ್ಷತ್ರ, ತುದಿಯಲ್ಲಿ ಮುಕ್ಕಾಲು. ನೋಡಲು ಇದೇ ಚೆಂದ. ಅಂಟು ಕಲಸುವ ಮೊದಲು ಒಂದು ಸಾಲನ್ನು ನೆಲದಲ್ಲಿ ಒಣಗಾಗಿ ಜೋಡಿಸಿ ನೋಡಿದರೆ ಇದೆಲ್ಲ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಟೈಲ್ ಹಿಂದೆ ಬಾಣದ ಗುರುತು ಇದ್ದರೆ ಎಲ್ಲವೂ ಸೂಚಿಸಿದ ದಿಕ್ಕಿಗೇ ಇರಬೇಕು. ಒಂದು ಟೈಲ್ ತಿರುಗಿದರೂ ನಕ್ಷತ್ರದ ಕೈ ಮುರಿದಂತೆ ಕಾಣುತ್ತದೆ, ಅಂಟು ಹಿಡಿದ ಮೇಲೆ ಒಡೆಯದೆ ಬೇರೆ ದಾರಿಯಿಲ್ಲ. ಬೇಸಿಗೆಯಲ್ಲಿ ಹೊರಗೋಡೆಗೆ ಹಚ್ಚಿದ ಅಂಟು ಬೇಗ ಮೇಲ್ಪದರ ಕಟ್ಟುವುದರಿಂದ ಒಮ್ಮೆಗೆ ಸ್ವಲ್ಪ ಜಾಗಕ್ಕೆ ಮಾತ್ರ ಹಚ್ಚುವುದು ಒಳ್ಳೆಯದು.

ಇಂಥ ಗೋಡೆಗೆ ಕತ್ತರಿಸುವ ಕೆಲಸ ಹೆಚ್ಚು, ಹಾಗಾಗಿ ಧೂಳೂ ಹೆಚ್ಚು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸೆರಾಮಿಕ್, ಪೋರ್ಸಲಿನ್ ಟೈಲ್ಸ್‌ನಲ್ಲಿ ಸಿಲಿಕಾ ಇರುತ್ತದೆ. ಗ್ರೈಂಡರ್‌ನಿಂದ ಒಣಗಾಗಿ ಕತ್ತರಿಸಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಭಾಗ ಅಷ್ಟು ಅಪಾಯವಲ್ಲ. ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಒಳಗೆ ಹೋಗಿ ಅಲ್ಲೇ ಉಳಿದು ಗಾಯದ ಕಲೆ ಮಾಡುತ್ತವೆ. ಸಿಲಿಕೋಸಿಸ್ ಎಂಬ ಈ ಕಾಯಿಲೆ ಸಾಮಾನ್ಯವಾಗಿ ವರ್ಷಗಟ್ಟಲೆ ಧೂಳು ಕುಡಿದ ಮೇಲೆ ಕಾಣಿಸಿಕೊಳ್ಳುತ್ತದೆ, ಬಂದ ಮೇಲೆ ಗುಣವಾಗುವುದಿಲ್ಲ. ಊರಿಗೆ ಮರಳಿದ ಮೇಲೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದಕ್ಕೆ ಇಲ್ಲಿನ ಕೆಲಸ ಕಾರಣ ಎಂದು ಯಾರಿಗೂ ಹೊಳೆಯದೆ ಹೋಗಬಹುದು. ಡಾಕ್ಟರಿಗೆ ತೋರಿಸುವಾಗ ಟೈಲ್ಸ್ ಕತ್ತರಿಸುವ ಕೆಲಸ ಎಷ್ಟು ವರ್ಷ ಮಾಡಿದ್ದು ಎಂದು ಹೇಳಲೇಬೇಕು. ನೀರು ಹಾಯಿಸುವ ಕಟ್ಟರ್ ಅಥವಾ ಕೈ ಕಟ್ಟರ್ ಬಳಸಿದರೆ ಧೂಳು ಬಹಳ ಕಡಿಮೆ. ಮುಖಕ್ಕೆ ಸುತ್ತಿದ ಟವೆಲ್ ಈ ಕಣಗಳನ್ನು ತಡೆಯುವುದಿಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ಎಂದು ಬರೆದಿರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ಅದನ್ನು ಕಂಪೆನಿಯಿಂದ ಕೇಳುವುದರಲ್ಲಿ ಸಂಕೋಚ ಬೇಡ.

ಊರಿನಲ್ಲಿ ಮನೆ ಕಟ್ಟಿಸುತ್ತಿರುವವರು ಇಲ್ಲಿನ ಶೋರೂಮ್ ನೋಡಿ, ಅಂಥದ್ದೇ ಬೇಕು ಎಂದು ಮನಸ್ಸು ಮಾಡುವುದು ಸಹಜ. ಆದರೆ 10 ಮಿ.ಮೀ. ದಪ್ಪದ ಪೋರ್ಸಲಿನ್ ಒಂದು ಚದರ ಮೀಟರ್‌ಗೆ 20 ಕೆಜಿ ದಾಟುತ್ತದೆ. ಲಗೇಜಿನಲ್ಲಿ ಒಂದು ಬಾಕ್ಸ್ ಒಯ್ದರೆ ಮಕ್ಕಳ ಚಾಕಲೇಟಿಗೂ ಜಾಗ ಉಳಿಯದು. ಅದೇ ವಿನ್ಯಾಸ ಮೋರ್ಬಿಯಿಂದ ಮಂಗಳೂರು, ಹುಬ್ಬಳ್ಳಿ ಅಂಗಡಿಗಳಿಗೂ ಬರುತ್ತದೆ. ಕೊಳ್ಳುವಾಗ ಹೆಸರಿಗಿಂತ ವಸ್ತು ಯಾವುದು ಎಂದು ಕೇಳಬೇಕು. ಪೋರ್ಸಲಿನ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಸಾಮಾನ್ಯ ಗೋಡೆ ಟೈಲ್ಸ್ ಶೇ. 10ಕ್ಕಿಂತಲೂ ಹೆಚ್ಚು ಹೀರುತ್ತದೆ. ಅಡುಗೆಮನೆಯ ಗೋಡೆಗೆ ಅದು ಸಾಕು, ಜಗಲಿಗೆ ಸಾಲದು. ಸುಡದೆ, ಅಚ್ಚಿನಲ್ಲಿ ಒತ್ತಿ ಮಾಡುವ ಬಣ್ಣದ ಸಿಮೆಂಟ್ ಟೈಲ್ಸ್ ಹಳೆಯ ಬಂಗಲೆಗಳ ನೆಲದಲ್ಲಿ ಬಹಳ ಚೆಂದ ಕಾಣುತ್ತವೆ. ಆದರೆ ಅವು ಎಣ್ಣೆ, ಅರಿಶಿನ, ಹುಳಿ ಎಲ್ಲವನ್ನೂ ಕುಡಿಯುತ್ತವೆ. ಸೀಲರ್ ಹಚ್ಚದೆ ಒಲೆಯ ಹಿಂದೆ ಹಾಕಿಸಿದರೆ ಮೀನು ಸಾರಿನ ಕಲೆ ಖಾಯಂ. ಕೈಯಲ್ಲಿ ಮಾಡಿದ ಝೆಲ್ಲೀಜ್ ಎಂದು ಮಾರುವವನ ಬಳಿ ಎರಡು ಬಿಲ್ಲೆ ಪಕ್ಕಪಕ್ಕ ಇಟ್ಟು ನೋಡಬೇಕು. ದಪ್ಪ, ಬಣ್ಣ, ಹೊಳಪು ಮೂರೂ ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಇದ್ದರೆ ಅದು ಯಂತ್ರದ್ದು.

ತುಂಡು ಕತ್ತರಿಸಿ ಜೋಡಿಸಿದ ಅಸಲಿ ಟೈಲ್ಸ್ ನೋಡಲು ಕನ್ನಡಿಗರು ಗ್ರಾನಡಾಕ್ಕೇ ಹೋಗಬೇಕಾಗಿಲ್ಲ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಮುಂಬದಿಯಲ್ಲಿ ಅವು ಇನ್ನೂ ಇವೆ. ಗಾವಾನ್ ಇರಾನಿನ ಗೀಲಾನ್‌ನಿಂದ ಬಂದವನು, ಶೈಲಿಯೂ ಪರ್ಷಿಯನ್. ಒಂದು ಸ್ಫೋಟದಲ್ಲಿ ಕಟ್ಟಡದ ಮುಂಭಾಗದ ಒಂದು ಪಾಲು ಹಾಳಾಗಿ, ಎರಡು ಮಿನಾರುಗಳಲ್ಲಿ ಒಂದು ಮಾತ್ರ ನಿಂತಿದೆ. ಅದರ ಮೈಮೇಲೆ ಓರೆಗೆರೆಗಳ ಪಟ್ಟಿಗಳಲ್ಲಿ ಐದೂವರೆ ಶತಮಾನದ ಮಳೆ ಬಿಸಿಲು ಉಳಿಸಿದ ಹಸಿರು, ಹಳದಿ, ಬಿಳಿ ತುಂಡುಗಳಿವೆ. ಬಿದ್ದುಹೋದ ಕಡೆ ಗಾರೆಯಲ್ಲಿ ಅವುಗಳ ಅಚ್ಚು ಮಾತ್ರ ಇದೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲೂ ಇಂಥ ಟೈಲ್ಸ್ ಉಂಟು, ಅಲ್ಲಿ ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವೂ ಇದೆ. ರಜೆಯಲ್ಲಿ ಆ ಕಡೆ ಹೋಗುವ ಟೈಲ್ಸ್ ಮೇಸ್ತ್ರಿಗಳು ಮಿನಾರಿನ ಬುಡದಲ್ಲಿ ನಿಂತು ಜಾಯಿಂಟ್‌ಗಳನ್ನು ಹತ್ತಿರದಿಂದ ನೋಡಬಹುದು.